ಅಳತೆ ತಪ್ಪಿದ ಅಂಗಿ

ಸೂಜಿ ಇನ್ನೇನು ಚುಚ್ಚಬೇಕು, ಅಷ್ಟರಲ್ಲಿ ಅತ್ತೆ ಕೈ ಎಳೆದುಕೊಂಡಳು.

"ನಾನು ರಕ್ತ ಕೊಡಲ್ಲ. ನನ್ನ ಮಗನದೂ ಬೇಡ." ಅಷ್ಟಕ್ಕೇ ನಿಲ್ಲಲಿಲ್ಲ. ಟ್ರೇಯಲ್ಲಿದ್ದ ಮಗನ ರಕ್ತದ ಸೀಸೆಯನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡಳು. ಲ್ಯಾಬಿನವನು ಕಣ್ಣು ಕಣ್ಣು ಬಿಟ್ಟ.

ಪುಟ್ಟಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಅದೇ ಆಸ್ಪತ್ರೆಯ ಹಸುಗೂಸುಗಳ ವಾರ್ಡಿನಲ್ಲಿ ಅವಳು ನರ್ಸು. ಇನ್ನು ಮಧ್ಯಾಹ್ನದ ಊಟಕ್ಕೆ ಎಲ್ಲರಿಗೂ ನೆಂಚಿಕೊಳ್ಳಲು ಇದೇ ಮಾತು. "ಐದು ನಿಮಿಷ ಕೊಡಿ" ಎಂದು ಲ್ಯಾಬಿನವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು.

ಅತ್ತೆ ಎಂದರೆ ಅವಳ ಅಪ್ಪನ ಅಕ್ಕ. ಮಕ್ಕಳ ಬಟ್ಟೆ ಹೊಲಿಯುವುದರಲ್ಲಿ ಎತ್ತಿದ ಕೈ. ಟೇಪು ಮುಟ್ಟದೆ ಕಣ್ಣಳತೆಯಲ್ಲೇ ಕತ್ತರಿ ಹಾಕುವವಳು. ಅವಳ ಒಬ್ಬನೇ ಮಗ ಗುಂಡ, ಲಿಫ್ಟ್ ರಿಪೇರಿ ಮಾಡುವವನು. ಅವನಿಗೆ ಪುಟ್ಟಿಯನ್ನೇ ತರಬೇಕೆಂದು ಅತ್ತೆ ಎರಡು ವರ್ಷದಿಂದ ಪಟ್ಟು ಹಿಡಿದಿದ್ದಳು. "ಈ ಮನೆಗೆ ನಮ್ಮ ರಕ್ತವೇ ಬರ್ಲಿ" ಎನ್ನುವುದು ಅವಳ ಒಂದೇ ಹಾಡು. ನಿಜ ಹೇಳಬೇಕೆಂದರೆ ಪುಟ್ಟಿಗೂ ಗುಂಡನ ಮೇಲೆ ಮನಸ್ಸಿತ್ತು, ಬೇಕಾದಷ್ಟಿತ್ತು. ಅವಳಿಗೆ ಭಯವಿದ್ದದ್ದು ಆ ರಕ್ತದ ಬಗ್ಗೆಯೇ.

ಕಾರಣ ದೂರ ಹುಡುಕಬೇಕಾಗಿರಲಿಲ್ಲ. ಅತ್ತೆ ಕಟ್ಟಿಕೊಂಡದ್ದು ತನ್ನ ಸೋದರಮಾವನ ಮಗನನ್ನು. ಮೊದಲ ಮೂರು ಕೂಸುಗಳು ಹುಟ್ಟಿ ತಿಂಗಳು ತುಂಬುವ ಮುಂಚೆಯೇ ಹೋದವು. ಹಣೆಬರಹ ಎಂದರು ಎಲ್ಲರೂ. ನಾಲ್ಕನೆಯದಕ್ಕೆ ಬಸುರಿಯಾದಾಗ ಗಂಡ ಹೆಂಡತಿ ದೂರದ ಊರಿನ ದೊಡ್ಡ ಡಾಕ್ಟರ ಹತ್ತಿರ ಹೋದರು. ಹೆರಿಗೆ ಅಲ್ಲೇ ಆಯಿತು. ಇಪ್ಪತ್ತು ದಿನದ ಕೂಸು ಎಂದು ಎತ್ತಿಕೊಂಡು ಬಂದರೆ, ಅದು ಕತ್ತು ನಿಲ್ಲಿಸಿಕೊಂಡು ಎಲ್ಲರನ್ನೂ ನೋಡಿ ನಕ್ಕಿತಂತೆ! ಮನೆಯವರ ಬಡಾಯಿ ಎಂದು ಪುಟ್ಟಿ ನಗುತ್ತಿದ್ದಳು. ಗುಂಡುಕಲ್ಲಿನಂತಿದ್ದವನಿಗೆ ಗುಂಡ ಎಂಬ ಹೆಸರು ತಾನಾಗಿ ಅಂಟಿತು.

ಹೆರಿಗೆಗೆ ಮುಂಚೆ ಅತ್ತೆ ಹೊಲಿದಿಟ್ಟಿದ್ದ ಬಿಳಿ ಅಂಗಿ ಅವನ ತೋಳಿಗೂ ಏರಲಿಲ್ಲ. ಅದೇ ಅಳತೆಯದು ಮೊದಲ ಮೂವರಿಗೂ ಸರಿಯಾಗಿ ಕೂತಿತ್ತು. ಜೀವಮಾನದಲ್ಲಿ ಅತ್ತೆಯ ಅಳತೆ ತಪ್ಪಿದ್ದು ಅದೊಂದೇ ಸಲ. ಆಮೇಲೆ ಆ ಅಂಗಿ ಕುಟುಂಬಕ್ಕೆಲ್ಲ ಸಾಕ್ಷಿಯಾಯಿತು. ಒಳಗಿನ ಸಂಬಂಧಕ್ಕೆ ಯಾರಾದರೂ ಹಿಂದೆಮುಂದೆ ನೋಡಿದರೆ ಸಾಕು, ಹಿರಿಯರು ಅದನ್ನು ಬೀರುವಿನಿಂದ ತೆಗೆಸಿ ತೋರಿಸುತ್ತಿದ್ದರು: "ನಮ್ಮ ರಕ್ತ ಕೆಟ್ಟಿದ್ರೆ ಇಂಥ ಕೂಸು ಹುಟ್ತಿತ್ತಾ?" ಅತ್ತೆ ತುಟಿ ಬಿಚ್ಚದೆ ಮಡಿಸಿ ಒಳಗಿಡುತ್ತಿದ್ದಳು.

ಪುಟ್ಟಿಯ ಅಕ್ಕ ತನ್ನ ಸೋದರಮಾವನ ಮಗನಿಗೆ ಹೂಂ ಎಂದದ್ದೂ ಆ ಅಂಗಿ ನೋಡಿಯೇ. ಅಕ್ಕನ ಮಗಳಿಗೆ ಈಗ ಆರು ವರ್ಷ. ಬೆನ್ನ ಹಿಂದೆ ಬಾಗಿಲು ದಡಾರನೆ ಬಡಿದರೂ ಅವಳು ತಿರುಗಿ ನೋಡುವುದಿಲ್ಲ.

ಅದಕ್ಕೇ ಪುಟ್ಟಿ ಪರೀಕ್ಷೆಯ ಷರತ್ತು ಹಾಕಿದ್ದಳು. ಆ ಮೂರು ಕೂಸುಗಳನ್ನು ತಿಂದ ದೋಷವನ್ನು ಮೊದಲು ತಾಯಿಯ ರಕ್ತದಲ್ಲಿ ಹುಡುಕಿ, ಅದು ಗುಂಡನಿಗೆ ಬಂದಿದೆಯೇ, ಪುಟ್ಟಿಯಲ್ಲೂ ಇದೆಯೇ ನೋಡುತ್ತೇವೆ ಎಂದಿದ್ದರು ಡಾಕ್ಟರು. ಪುಟ್ಟಿ ಕೊಟ್ಟಾಗಿತ್ತು. ಗುಂಡನೂ ಬೆಳಿಗ್ಗೆಯೇ ತೋಳು ಚಾಚಿ ಕೆಲಸಕ್ಕೆ ಹೋಗಿದ್ದ.

"ಏನಕ್ಕೆ ಹೆದರ್ತೀಯಾ ಅತ್ತೆ? ದೋಷ ಇದ್ರೆ ಇದೆ ಅಂತಾರೆ."

"ಗುಂಡನಿಗೆ ಅದು ಬಂದಿಲ್ಲ. ನಾನು ಹೇಳ್ತಿದೀನಲ್ಲ."

"ನಿಂಗೆ ಹೇಗೆ ಗೊತ್ತು?"

"ಸಾಕಿ ಬೆಳೆಸಿದ್ದು ನಾನು. ನಂಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ಪುಟ್ಟಿಗೆ ರೇಗಿತು. "ಹಾಗಾದ್ರೆ ಈ ಮದುವೆ ಬೇಡ ಬಿಡು. ಗುಂಡಂಗೆ ನಾನೇ ಹೇಳ್ತೀನಿ. ವಾರ್ಡಲ್ಲಿ ದಿನಾ ನೋಡ್ತೀನಿ ಅಂಥ ಕೂಸುಗಳನ್ನ. ನನ್ನ ಹೊಟ್ಟೇಲಿ ಹುಟ್ಟಿದ್ದನ್ನ ಹಾಗೆ ನೋಡೋ ಶಕ್ತಿ ನಂಗಿಲ್ಲ." ಗುಂಡನನ್ನು ಬಿಡುವುದು ಅವಳಿಗೆ ಬಾಯಿಮಾತಿನಷ್ಟು ಸುಲಭವಾಗಿರಲಿಲ್ಲ.

ಅತ್ತೆ ಸ್ಟೂಲಿನ ಮೇಲೆ ಕುಸಿದು ಕೂತಳು. ಚೀಲಕ್ಕೆ ಕೈ ಹಾಕಿ, ಹಳದಿಗಟ್ಟಿದ ಆ ಪುಟಾಣಿ ಅಂಗಿಯನ್ನು ತೆಗೆದು ತೊಡೆಯ ಮೇಲೆ ಹರವಿದಳು.

"ಅತ್ತೆ, ಮತ್ತೆ ಅದನ್ನ ತೋರಿಸ್ಬೇಡ!" ಪುಟ್ಟಿ ಹೆಚ್ಚೂಕಡಿಮೆ ಕಿರುಚಿದಳು. "ಅಕ್ಕಂಗೆ ತೋರಿಸಿದ್ದು ಸಾಲ್ದಾ?"

ಅತ್ತೆ ಬಾಗಿಲ ಚಿಲಕ ಬಿದ್ದಿದೆಯೇ ಎಂದು ನೋಡಿದಳು. ಗುಂಡನ ಕಿವಿಗೆ ಬೀಳಬಾರದೆಂದು ಪುಟ್ಟಿಯಿಂದ ಆಣೆ ಹಾಕಿಸಿಕೊಂಡಳು. ಅಂಗಿಯ ಸುಕ್ಕನ್ನು ಹೆಬ್ಬೆರಳಿನಿಂದ ತೀಡಿದಳು.

"ನನ್ನ ಅಳತೆ ಯಾವತ್ತೂ ತಪ್ಪಿಲ್ಲ ಕಣೇ. ನಾಲ್ಕನೇದಕ್ಕೂ ಇದು ಸರಿಯಾಗೇ ಕೂತಿತ್ತು, ಒಂಬತ್ತು ದಿನ. ಗುಂಡನ್ನ ಅನಾಥಾಲಯದಿಂದ ಎತ್ಕೊಂಡು ಬರೋವಾಗ ಅವನಿಗೆ ಮೂರು ತಿಂಗಳು ತುಂಬಿತ್ತು."