ಬಾವಿ ಹೊಲದ ಪ್ರಾರ್ಥನೆ

"ಸದ್ದು ಮಾಡ್ಬೇಡಿ. ಅತ್ತೆ ಶುರು ಮಾಡಿದ್ರು," ಎಂದು ಸೊಸೆ ಪಿಸುಗುಟ್ಟಿದಳು. ಅವಳ ಕಿವಿ ದೇವರ ಕೋಣೆಯ ಬಾಗಿಲಿಗೆ ಅಂಟಿತ್ತು. ಗಂಡ ಬೂಟು ಕೈಯಲ್ಲಿ ಹಿಡಿದು, ಕಳ್ಳಹೆಜ್ಜೆ ಇಡುತ್ತ ಬಂದು ಪಕ್ಕದಲ್ಲಿ ನಿಂತ.

ಹೆತ್ತ ತಾಯಿಯ ಪ್ರಾರ್ಥನೆಯನ್ನು ಕದ್ದು ಕೇಳುವುದು ಮರ್ಯಾದಸ್ಥರ ಕೆಲಸವಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಆದರೆ ಬೇರೆ ದಾರಿಯಿರಲಿಲ್ಲ. ಮನೆಯ ಯಜಮಾನರು ತೀರಿಕೊಂಡ ಮೇಲೆ ಈ ಅಜ್ಜಿ ಮಗನನ್ನು ಕರೆದು, "ಇನ್ನು ಹೊಲ ನಿಂದು, ಮನೆ ನಿನ್ನ ಹೆಂಡ್ತೀದು. ನಾನು ಯಾವುದಕ್ಕೂ ಬಾಯಿ ಹಾಕಲ್ಲ. ನನಗೆ ದೇವರೊಬ್ಬ ಸಾಕು," ಎಂದಿದ್ದರು. ಆಡಿದ ಮಾತಿಗೆ ತಪ್ಪಿದವರಲ್ಲ. ಬಿತ್ತನೆ ಯಾವಾಗ ಎಂದು ಮಗ ಕೇಳಿದರೆ ಆಕಾಶ ನೋಡುತ್ತಿದ್ದರು. ಉಪ್ಪು ಸಾಕೇ ಎಂದು ಸೊಸೆ ಕೇಳಿದರೆ, "ನಿನ್ನಿಷ್ಟ ಕಣಮ್ಮ," ಎನ್ನುತ್ತಿದ್ದರು.

ಅವರ ಮನಸ್ಸಿನಲ್ಲಿರುವುದು ಹೊರಬೀಳುತ್ತಿದ್ದುದು ಬೆಳಗಿನ ಪ್ರಾರ್ಥನೆಯಲ್ಲಿ ಮಾತ್ರ. ಆ ಬಾಗಿಲು ಮುಚ್ಚಿತೆಂದರೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ದೇವರ ಜೊತೆ ಅಜ್ಜಿ ಪಕ್ಕದ ಮನೆಯವರ ಜೊತೆ ಮಾತಾಡಿದ ಹಾಗೆ ಮಾತಾಡುತ್ತಿದ್ದರು. "ಮೊಮ್ಮಗಳ ಚಪ್ಪಲಿ ಹರಿದು ಮಗು ಕುಂಟ್ತಾ ಇದೆ, ನೀನೇ ನೋಡ್ಕೋಪ್ಪ," ಎಂದ ದಿನ ಸಂಜೆಯೊಳಗೆ ಹೊಸ ಚಪ್ಪಲಿ ಬಂತು. ಕೊಟ್ಟಿಗೆಯ ಸೂರು ಸೋರುವುದನ್ನು ಅರಿಕೆ ಮಾಡಿದ ದಿನ ಮಗ ಏಣಿ ಹತ್ತಿದ. "ನಮ್ಮ ದೇವರು ಹೇಳಿದ್ ಮಾತು ಕೇಳ್ತಾನೆ," ಎಂದು ಅಜ್ಜಿ ಹೋದಲ್ಲೆಲ್ಲ ಹೇಳಿಕೊಂಡರು. ಅವರ ಭಕ್ತಿಗೆ ಊರೇ ತಲೆದೂಗಿತು.

ಇವತ್ತಿನ ವಿಷಯ ಚಪ್ಪಲಿಯಷ್ಟು ಸಣ್ಣದಲ್ಲ. ಬಾವಿ ಪಕ್ಕದ ಹೊಲವನ್ನು ಇಟ್ಟಿಗೆ ಭಟ್ಟಿಯವನು ಕೇಳಿದ್ದ. ಕೊಟ್ಟರೆ ಮೇಲ್ಮಣ್ಣೆಲ್ಲ ಇಟ್ಟಿಗೆಯಾಗಿ ಹೋಗುತ್ತದೆ. ಆಮೇಲೆ ಅಲ್ಲಿ ಹುಲ್ಲೂ ಹುಟ್ಟುವುದಿಲ್ಲ. ಮಗ ಅರೆಮನಸ್ಸಿನಿಂದ ಹೂಂ ಅಂದುಬಿಟ್ಟಿದ್ದ. ಭಟ್ಟಿಯವನು ಆಗಲೇ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ತಾಯಿಯನ್ನು ಕೇಳಿದರೆ, "ಹೊಲ ನಿಂದಪ್ಪ," ಎಂದಷ್ಟೇ ಹೇಳಿ ಪ್ರಾರ್ಥನೆಗೆ ಹೋಗಿದ್ದರು.

"ದೇವರೇ, ಬಾವಿ ಹೊಲ..."

ಅಷ್ಟರಲ್ಲಿ ಅಡುಗೆಮನೆಯಲ್ಲಿ ಬೆಕ್ಕು ಪಾತ್ರೆ ಉರುಳಿಸಿತು. ಸೊಸೆ ಓಡಿಹೋಗಿ ಅದನ್ನು ಗದರಿಸಿ ವಾಪಸು ಬರುವವರೆಗೂ ಒಳಗೆ ಮಾತಿಲ್ಲ. ಧ್ಯಾನದಲ್ಲಿ ಮೈಮರೆತಿರಬೇಕು ಎಂದು ಮಗ ಸನ್ನೆ ಮಾಡಿದ.

"ದೇವರೇ, ಬಾವಿ ಹೊಲದ ಕಲ್ಲು ಆರಿಸೀ ಆರಿಸೀ ನಮ್ಮನೆಯವರ ಬೆನ್ನು ಬಾಗಿ ಹೋಯ್ತು. ಆ ಕಲ್ಲಿನ ಬುಟ್ಟಿ ಹೊತ್ತಿದ್ದು ನಾನು. ನನ್ನ ಮಗ ಕೆಟ್ಟವನಲ್ಲ. ಮುಖ ನೋಡಿ ಇಲ್ಲ ಅನ್ನೋಕೆ ಅವನಿಗೆ ಸಂಕೋಚ, ಚಿಕ್ಕಂದಿನಿಂದ್ಲೂ ಹಾಗೇ. ಇವತ್ತೊಂದಿನ ಅವನಿಗೆ ಧೈರ್ಯ ಕೊಡಪ್ಪ. ಇಲ್ಲ ಅಂತ ಹೇಳಿಸು."

ಸ್ವಲ್ಪ ತಡೆದು, "ಇಲ್ಲ ಅಂತ ಹೇಳಿಸು," ಎಂದು ಇನ್ನೊಮ್ಮೆ, ಬಿಡಿಸಿ ಬಿಡಿಸಿ ಹೇಳಿದರು.

ಮಗನಿಗೆ ಅಪ್ಪನ ನೆನಪಾಗಿ ನಾಚಿಕೆಯೂ ದುಃಖವೂ ಒಟ್ಟಿಗೇ ಬಂದವು. ಬೂಟು ಅಲ್ಲೇ ಬಿಟ್ಟು ಬರಿಗಾಲಲ್ಲಿ ಅಂಗಳಕ್ಕೆ ಹೋದ. "ತಪ್ಪು ತಿಳ್ಕೋಬೇಡಿ ಅಣ್ಣ, ಹೊಲ ಕೊಡಲ್ಲ," ಎಂದದ್ದು ಮನೆಯೊಳಗೂ ಕೇಳಿಸಿತು. ಭಟ್ಟಿಯವನು ಏನೋ ಗೊಣಗುತ್ತ ಬೈಕ್ ಹತ್ತಿ ಹೋದ.

ಸೊಸೆಯ ಕಣ್ಣು ತುಂಬಿತು. ಇಂಥ ದೈವಭಕ್ತೆಯ ಮಾತು ಕದ್ದು ಕೇಳಿದೆವಲ್ಲ ಎಂದು ಸಂಕಟವಾಯಿತು. ಎಲ್ಲ ಒಪ್ಪಿಕೊಂಡು ಕ್ಷಮೆ ಕೇಳಿಬಿಡೋಣವೆಂದು, ಮದುವೆಯಾಗಿ ಬಂದಮೇಲೆ ಮೊದಲ ಸಲ, ಪ್ರಾರ್ಥನೆಯ ಹೊತ್ತಿನಲ್ಲಿ ಬಾಗಿಲು ತಳ್ಳಿದಳು. ಅದು ಗೇಣುದ್ದ ಸರಿದು ಏನಕ್ಕೋ ತಾಗಿ ನಿಂತಿತು.

"ತಾಳಮ್ಮ, ಏಳ್ತೀನಿ," ಎಂಬ ಧ್ವನಿ ಅವಳ ಮೊಣಕಾಲ ಪಕ್ಕದಿಂದಲೇ ಬಂತು.

ದೇವರ ಪಟ ಆಚೆ ಗೋಡೆಯ ಮೇಲಿತ್ತು. ಅಜ್ಜಿ ಅದಕ್ಕೆ ಬೆನ್ನು ಹಾಕಿ, ಬಾಗಿಲ ಸಂದಿಗೆ ಬಾಯಿಟ್ಟು ಕೂತಿದ್ದರು.