ಮಳೆಯಿಲ್ಲದ ತಿಂಗಳಲ್ಲಿ ಬಿದ್ದ ಗೋಡೆ

"ಗೋಡಿ ಯಾಕ ಬಿತ್ತವ್ವಾ?" ಸಾಹೇಬರು ಕೇಳಿದರು. ಬಿದ್ದ ಮನೆಗಳನ್ನು ನೋಡಿ, ಸರ್ಕಾರದ ಮನೆ ಯಾರಿಗೆ ಕೊಡಬೇಕೆಂದು ಬರೆದುಕೊಂಡು ಹೋಗಲು ಅವರು ಶಹಾಪುರದಿಂದ ಜೀಪಿನಲ್ಲಿ ಬಂದಿದ್ದರು.

"ನೀರಿಗಿ ಬಿತ್ರಿ," ಅಂದಳು ಮೌನಮ್ಮ.

"ಮಳಿ ಯಾವಾಗ ಬಂದಿತ್ತು?"

"ಮಳಿ ಎಲ್ಲಿದ್ರಿ? ದೀಪಾವಳಿ ಮುಂದ ಬಂದದ್ದು. ಮತ್ತ ಒಂದು ಹನಿ ಇಲ್ಲ."

ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟುತ್ತಿತ್ತು. ಸಾಹೇಬರು ಬಿದ್ದ ಗೋಡೆಯ ಬುಡಕ್ಕೆ ಬಂದು ನಿಂತು, ಬಗ್ಗಿ ಮಣ್ಣು ಮುಟ್ಟಿದರು. ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ಮೇಲಿನ ಹೊಲಗಳಿಗೆ ಕಾಲುವೆ ನೀರು ಬಂದಾಗಿನಿಂದ ಈ ತಗ್ಗಿನ ಓಣಿ ಒಣಗಿದ್ದೇ ಇಲ್ಲ. ಇಲ್ಲಿ ನೀರು ಮೇಲಿನಿಂದ ಬೀಳುವುದಿಲ್ಲ, ನೆಲದೊಳಗಿಂದ ಏಳುತ್ತದೆ. ಊರವರು ಅದಕ್ಕೆ ಜವಳು ಅನ್ನುತ್ತಾರೆ.

ಸಾಹೇಬರ ಜೊತೆ ಬಂದಿದ್ದ ಪಂಚಾಯಿತಿ ಮೆಂಬರ್ ಲಿಂಗಣ್ಣ ಕಣ್ಣು ಮಿಟುಕಿಸಿದ. "ಏ ಮೌನವ್ವಾ, ಮಳಿಗಿ ಬಿತ್ತು ಅಂದುಬಿಡು. ಮಳಿಗಿ ಬಿದ್ರ ಮನಿ ಬರ್ತದ, ಜವಳಿಗಿ ಬಿದ್ರ ಬರೂದಿಲ್ಲ."

"ಬರದ ಮಳಿ ಮ್ಯಾಲ ಹ್ಯಾಂಗ ಸುಳ್ಳು ಹೇಳ್ಲಿ ಧಣ್ಯಾರ? ಸಿಟ್ಟಾಗಿ ಮುಂದಿನ ವರ್ಷ ಬರದಿದ್ರ?"

"ಹಂಗಾದ್ರ ಕಾಲುವಿದು ತಪ್ಪು ಅಂತ ಬರೀಲೇನು?" ಸಾಹೇಬರು ಪೆನ್ನು ತೆಗೆದರು.

ಮೌನಮ್ಮ ಗಾಬರಿಯಾದಳು. "ಬ್ಯಾಡ್ರಿ ಯಪ್ಪಾ! ಕಾಲುವಿಗಿ ಏನೂ ಅನಬ್ಯಾಡ್ರಿ. ಅದು ಬಂದ ಮ್ಯಾಲ ನೆಲ್ಲು ಹಚ್ಚೋ ಕೂಲಿ ಸಿಗಾಕತ್ತದ. ಮೊದಲ ದುಡಿಯಾಕ ಪುಣಾಕ ಹೋಗ್ತಿದ್ವಿ." ಹೇಳುತ್ತ ಹೇಳುತ್ತ ಲಿಂಗಣ್ಣನ ಕಡೆ ನೋಡಿದಳು. ಅವಳು ಕೂಲಿಗೆ ಹೋಗುವ ಗದ್ದೆ ಅವನದೇ.

"ಮಳಿನೂ ಅಲ್ಲ, ಕಾಲುವಿನೂ ಅಲ್ಲ. ಮತ್ತ ಗೋಡಿಗಿ ಏನು ನಿಂತು ನಿಂತು ಬ್ಯಾಸರಾಗಿತ್ತೇನು?" ಲಿಂಗಣ್ಣ ನಕ್ಕ.

"ಬಿದ್ದದ್ದಂತೂ ಖರೆ ಅದರಿ," ಅಂದಳು ಮೌನಮ್ಮ.

ಗೋಡೆ ಬಿದ್ದ ಕಡೆ ಅಡ್ಡ ಕಟ್ಟಿದ್ದ ಸೀರೆಯ ಹಿಂದೆ ಅವಳ ಮಗಳು ಅಯ್ಯಮ್ಮ ಕೂತಿದ್ದಳು. ಚೊಚ್ಚಿಲ ಬಸುರಿ, ದಿನ ತುಂಬಿದ್ದವು. ತವರಿಗೆ ಹೆರಿಗೆಗೆಂದು ಬಂದವಳನ್ನು ಹಾಗೇ ಗಂಡನ ಊರು ವಡಗೇರಾಕ್ಕೆ ತಿರುಗಿ ಕಳಿಸುವಂತಿಲ್ಲ. ಹಸಿ ನೆಲದ ಮೇಲೆ ಬಾಣಂತಿಯನ್ನು, ಕೂಸನ್ನು ಮಲಗಿಸುವಂತೆಯೂ ಇಲ್ಲ.

ಸಾಹೇಬರು ಕೆಟ್ಟವರಲ್ಲ. ಸೀರೆಯ ಕಡೆ ನೋಡಿ ದನಿ ತಗ್ಗಿಸಿದರು. "ನನಗೂ ಕೊಡಬೇಕಂತ ಅನಸ್ತದವ್ವಾ. ಆದ್ರ ಯಾತಕ್ಕ ಬಿತ್ತು ಅಂತ ಬರೀಬೇಕಲ್ಲ? ನೀನೇ ಹೇಳು, ಏನಂತ ಬರೀಲಿ?"

ಲಿಂಗಣ್ಣ ಗಡಿಯಾರ ನೋಡಿಕೊಂಡ. ಆಗ ಸೀರೆಯ ಹಿಂದಿನಿಂದ ಸಣ್ಣ ದನಿ ಬಂತು.

"ಒಂದು ಮಾತು ಕೇಳ್ಲೇನ್ರಿ ಸಾಹೇಬ್ರ?"

"ಕೇಳವ್ವಾ."

"ಕಾಲುವಿ ತಂದಾಗ ಈ ನೆಲ ಯಾರ ತಪ್ಪಿಗಿ ಒಣಗ್ಯಾದ ಅಂತ ಕೇಳಿದ್ರೇನ್ರಿ? ಒಣಗಿದ್ದು ನೋಡಿದ್ರಿ, ನೀರು ತಂದ್ರಿ. ಮನಿ ಕೊಡಾಕ ಮಾತ್ರ ಯಾಕ ತಪ್ಪು ಹುಡುಕ್ತೀರಿ?"

ಲಿಂಗಣ್ಣನ ನಗು ನಿಂತಿತು. ಮಗಳು ಆಡಿದ್ದು ಸರಿಯೋ ತಪ್ಪೋ ತಿಳಿಯದೆ ಮೌನಮ್ಮ ಒಮ್ಮೆ ಅವನ ಮುಖ, ಒಮ್ಮೆ ಸಾಹೇಬರ ಮುಖ ನೋಡಿದಳು.

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ಆ ಉರಿಬಿಸಿಲಿನಲ್ಲಿ, ಅಷ್ಟು ಹೊತ್ತು ಅವರು ನಿಂತಿದ್ದ ಜಾಗದ ಎರಡು ಬೂಟಿನ ಗುರುತುಗಳಲ್ಲಿ ಮೆಲ್ಲಗೆ ನೀರು ತುಂಬಿಕೊಳ್ಳುತ್ತಿತ್ತು.