ಬರೆದವರು ಯಾರೇ ಆಗಿರಲಿ

ಬಾಗಿಲು ತಟ್ಟುವಷ್ಟೂ ತಾಳ್ಮೆ ಅವನಿಗಿರಲಿಲ್ಲ. ತೆರೆದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಮ್ಯಾನೇಜರ್ ಕೋಣೆಗೆ ನುಗ್ಗಿದ.

"ಓದಿ ಸರ್. ವರ್ಷವಿಡೀ ದುಡಿದದ್ದಕ್ಕೆ ನನಗೆ ಸಿಕ್ಕ ಬಹುಮಾನ."

ಪರದೆಯ ಮೇಲಿದ್ದದ್ದು ಇಷ್ಟೇ: 'ಬೇರೆಯವರ ಕೆಲಸಕ್ಕೆ ಕೊಕ್ಕೆ ಹಾಕುವುದೇ ಕೆಲಸ. ಯಾರೊಂದಿಗೂ ಬೆರೆಯುವುದಿಲ್ಲ. ಮುಂದಾಳತ್ವ ಕೊಟ್ಟರೆ ತಂಡ ಮುಳುಗಿದಂತೆ.'

ಕೆಳಗೆ ಹೆಸರಿಲ್ಲ. ಆ ಕಂಪನಿಯ ಪದ್ಧತಿಯೇ ಹಾಗೆ. ವರ್ಷದ ಕೊನೆಗೆ ಪ್ರತಿಯೊಬ್ಬರೂ ಜೊತೆಗಾರರೊಬ್ಬರ ಬಗ್ಗೆ ಹೆಸರು ಹಾಕದೆ ಬರೆಯಬೇಕು. ತನ್ನ ಬಗ್ಗೆ ಬಂದದ್ದನ್ನು ಓದಬೇಕು. ಬರೆದವರು ಯಾರೆಂದು ಮ್ಯಾನೇಜರಿಗೆ ಮಾತ್ರ ಕಾಣುತ್ತದೆ. ತನ್ನ ಪಾಲಿನದನ್ನು ಅವನು ಹೋದ ತಿಂಗಳೇ ಊಟದ ಗಡಿಬಿಡಿಯಲ್ಲಿ ಗೀಚಿ ಕೈತೊಳೆದುಕೊಂಡಿದ್ದ. ಬಂದದ್ದನ್ನು ಓದುವ ದಿನ ಇವತ್ತು. ಎಲ್ಲರಿಗಿಂತ ಮೊದಲು ತೆರೆದವನು ಇವನೇ.

ತಂಡದ ಮುಖ್ಯಸ್ಥನ ಕುರ್ಚಿ ಖಾಲಿಯಿತ್ತು. ಅದಕ್ಕೆ ಇಬ್ಬರೇ ಪೈಪೋಟಿ: ಅವನು, ಮತ್ತು ಪಕ್ಕದ ಮೇಜಿನ ಟೆಸ್ಟರ್ ಹುಡುಗಿ. ಇವನು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಅವಳಿಗೆ 'ಇರುವೆ' ಎಂದು ಅಡ್ಡಹೆಸರಿಟ್ಟವನೂ ಇವನೇ.

ಈ ವರ್ಷ ಅವನು ಏನು ಕಡಿಮೆ ಮಾಡಿದ್ದ? ಕುಂಟುತ್ತಿದ್ದ ಬಿಲ್ಲಿಂಗ್ ಪ್ರೋಗ್ರಾಮನ್ನು ಎಬ್ಬಿಸಿ ನಿಲ್ಲಿಸಿದ. ಬೈಯುತ್ತಿದ್ದ ಗಿರಾಕಿಗಳ ಬಾಯಲ್ಲೇ ಹೊಗಳಿಸಿಕೊಂಡ. ಮಗಳ ಶಾಲೆಯ ನಾಟಕ ಬಿಟ್ಟ, ಮೈದುನನ ಮದುವೆ ಬಿಟ್ಟ. ಕೊನೆಗೆ ಈ ಅಭಿಪ್ರಾಯ ಬರೆದು ಓದುವ ಪುಟವನ್ನೂ ಒಬ್ಬನೇ ಕಟ್ಟಿಕೊಟ್ಟ. ಒಂದು ಸಲ ಪರೀಕ್ಷಿಸಿ ಕೊಡುತ್ತೇನೆಂದು ಇರುವೆ ಗೋಗರೆದಿದ್ದಳು. ಇಲ್ಲಿ ನಿನಗೆ ಸಕ್ಕರೆ ಸಿಗಲ್ಲ, ಬೇರೆ ಡಬ್ಬಿ ನೋಡಿಕೋ ಎಂದು ನಗಾಡಿ ಅಂದೇ ಬಿಡುಗಡೆ ಮಾಡಿದ್ದ.

ಮನೆಯಲ್ಲಂತೂ ಮಾವ ಆಗಲೇ ನೆಂಟರಿಗೆಲ್ಲ ಫೋನ್ ಹಚ್ಚಿ, ಅಳಿಯ ಮುಖ್ಯಸ್ಥನಾದ ಎಂದು ಸಾರಿಯೂ ಆಗಿತ್ತು. ಈಗ ಕುರ್ಚಿ ಕೈತಪ್ಪಿದರೆ ಅವರೆದುರು ಕೂತು ತುತ್ತು ಇಳಿಯುವುದಾದರೂ ಹೇಗೆ?

"ಕೊಕ್ಕೆ ಹಾಕೋನು ನಾನಾ ಸರ್? ಅದು ಯಾರ ಕಸುಬು ಅಂತ ಈ ಗೋಡೆಗೂ ಗೊತ್ತು."

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದರು. ಸಿಟ್ಟು ಇಳಿಯಲಿ, ನಾಳೆ ನೋಡೋಣ ಎಂದರು. ಹೆಸರು ಬಿಚ್ಚಿದರೆ ಇನ್ನು ಯಾರೂ ನಂಬಿ ಬರೆಯುವುದಿಲ್ಲ ಎಂದರು. ಇವನು ಜಗ್ಗಲಿಲ್ಲ. ಇಂಥ ಹೊಟ್ಟೆಕಿಚ್ಚಿನವರ ಕೈಗೆ ತಂಡ ಕೊಡುತ್ತೀರಾ ಎಂದು ಪಟ್ಟು ಹಿಡಿದ. ಗಾಜಿನಾಚೆ ಇರುವೆ ತಲೆ ತಗ್ಗಿಸಿ ಕೀಲಿಮಣೆ ಕುಟ್ಟುತ್ತಿದ್ದಳು. ಆ ತಣ್ಣನೆಯ ಮುಖ ನೋಡಿ ಅವನ ಮೈಯೆಲ್ಲ ಉರಿಯಿತು.

"ಅಂದ್ರೆ, ಇದನ್ನ ಬರೆದೋರಿಗೆ ಆ ಕುರ್ಚಿ ಕೊಡಬಾರದು ಅಂತೀಯಾ?"

"ಅಂತೀನಿ."

"ನೋಡಪ್ಪಾ, ಆಮೇಲೆ ಮಾತು ತಿರುಗಿಸಬಾರದು. ಯಾರೇ ಆಗಿರಲಿ?"

"ಯಾರೇ ಆಗಿರಲಿ ಸರ್. ಮೇಲಿನವರಿಗೆ ನನ್ನೆದುರೇ ಬರೆದು ಕಳಿಸಿ."

ಕಳಿಸಿದರು. ಈ ಮಾತು ಬರೆದವರನ್ನು ಮುಖ್ಯಸ್ಥರ ಸ್ಥಾನಕ್ಕೆ ಪರಿಗಣಿಸಬಾರದು, ಹೆಸರು ಹಿಂದೆಯೇ ಬರುತ್ತದೆ ಎಂದು. ಆಮೇಲೆ ಹೆಸರು ತೆರೆದರು. ಒಮ್ಮೆ ತಮ್ಮ ಪರದೆ ನೋಡಿದರು, ಒಮ್ಮೆ ಅವನದು. ಹುಬ್ಬು ಗಂಟಿಕ್ಕಿತು.

ಗೆದ್ದೆ ಎಂದುಕೊಂಡ ಅವನು. ಕುರ್ಚಿ ಎಳೆದು ಆರಾಮಾಗಿ ಕೂತ. "ಹೇಳಿ ಸರ್. ಅವಳೇ ತಾನೇ?"

"ಇದು ಅವಳ ಬಗ್ಗೆ ನೀನು ಬರೆದದ್ದು. ನಿನ್ನ ಪುಟ ನಮಗೆ ಬಂದ ಮಾತು ಬಿಟ್ಟು, ನಾವು ಬರೆದ ಮಾತನ್ನೇ ನಮಗೆ ತೋರಿಸ್ತಿದೆ," ಎಂದ ಮ್ಯಾನೇಜರ್ ತಮ್ಮ ಪರದೆಯನ್ನು ಅವನತ್ತ ತಿರುಗಿಸಿದರು. "ನಿನ್ನ ಬಗ್ಗೆ ಅವಳು ಬರೆದಿರೋದು ಇಲ್ಲಿದೆ, ಓದು: 'ಆ ಕುರ್ಚಿ ನನಗಿಂತ ಮೊದಲು ಅವರಿಗೆ ಸಲ್ಲಬೇಕು.'"